ಮಾಳಿಗೆಯ ಮೇಲೆ ಹಾಕಿದ ಟೆಂಟು

ನನ್ನ ಬಾಲ್ಯದ ಅತ್ಯಂತ ಸುಖದ ರಾತ್ರಿ ಒಂದು ಟೆಂಟಿನೊಳಗೆ ಕಳೆಯಿತು ಎಂದು ಬಹಳ ವರ್ಷ ನಂಬಿದ್ದೆ. ಅದು ಯಾವುದೋ ದೊಡ್ಡ ಪಾರ್ಕು. ಅಲ್ಲೊಂದು ಭಾರೀ ಚಕ್ರ ತಿರುಗುತ್ತಿತ್ತು. ಟೆಂಟಿನ ನೆತ್ತಿಯಿಂದ ಗುಂಡಗಿನದೇನೋ ತೂಗುತ್ತಿತ್ತು, ಅದರ ಕೆಳಗೆ ನಾವು ಸಾಲಾಗಿ ಮಲಗಿದ್ದೆವು. ಅಪ್ಪ ಬಾಗಿಲಲ್ಲಿ ಬಗ್ಗಿ ನಿಂತು ನಗುತ್ತಿದ್ದ. ಇಷ್ಟೇ. ಯಾವ ಊರು, ಯಾಕೆ ಹೋಗಿದ್ದೆವು, ಗೊತ್ತಿಲ್ಲ. ಒಬ್ಬನೇ ಸಾಕ್ಷಿ ಹೇಳಿದ್ದನ್ನು ನಂಬಬಾರದೆಂದು ಧಾರವಾಡದಲ್ಲಿ ಇತಿಹಾಸದ ಎಂ.ಎ. ಓದುವಾಗ ಕಲಿತಿದ್ದೆ. ಊರಿನ ಎಲ್ಲ ಕಥೆಗಳನ್ನೂ ಹಾಗೆ ಕೆದಕಿ ಜನರಿಗೆ ಬೇಸರ ತರಿಸಿದವನು ಇದೊಂದನ್ನು ಮಾತ್ರ ಮುಟ್ಟಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವನ ನಗುಮುಖವೆಂದು ನನ್ನಲ್ಲಿ ಉಳಿದದ್ದು ಅದೊಂದೇ. ಬೇರೆ ನೆನಪುಗಳಲ್ಲಿ ಅವನು ದುಡಿಯುತ್ತಾನೆ, ಬೈಯುತ್ತಾನೆ, ಕೊನೆಕೊನೆಗೆ ಕೆಮ್ಮುತ್ತಾನೆ.

ಕಳೆದ ಚಳಿಗಾಲದಲ್ಲಿ, ಅವ್ವನಿಗೆ ಆ ರಾತ್ರಿಯನ್ನು ಮತ್ತೊಮ್ಮೆ ಕೊಡಬೇಕು ಅನ್ನಿಸಿತು. ಮೈಸೂರಿನ ಕಡೆ ಒಂದು ಮನರಂಜನಾ ಪಾರ್ಕು ಇದೆ. ಅದರ ಬೆನ್ನಿಗೇ ಟೆಂಟು ಹಾಕಿಕೊಂಡು ತಂಗುವ ಬಯಲೂ ಇದೆ. ಅಲ್ಲಿಯ ದರ ನೋಡಿ ಸುಮ್ಮನಾಗಬೇಕಾಗಿತ್ತು, ಆಗಲಿಲ್ಲ. ರಿಯಾಯಿತಿ ಹುಡುಕಲು ಕುಳಿತೆ. ವಾರದ ನಡುವೆ ಹೋದರೆ ಕಡಿಮೆ, ಶಾಲೆಗಳಿಗೆ ಪರೀಕ್ಷೆ ಇದ್ದಾಗ ಇನ್ನೂ ಕಡಿಮೆ. ಪಾರ್ಕಿನ ಟಿಕೀಟು ಮತ್ತು ತಂಗುವುದು ಒಟ್ಟಿಗೆ ಕೊಂಡರೆ ಒಂದಿಷ್ಟು ಬಿಡುತ್ತಾರೆ. ಹಿರಿಯರಿಗೊಂದು ರಿಯಾಯಿತಿ, ದೂರದ ಜಿಲ್ಲೆಯಿಂದ ಬರುವವರಿಗೆ ಇನ್ನೊಂದು. ಇದನ್ನೆಲ್ಲ ಅವರು ಒಂದೇ ಕಡೆ ಬರೆದಿರುವುದಿಲ್ಲ, ಫೋನು ಮಾಡಿ ಬಾಯಿಬಿಡಿಸಬೇಕು.

“ದೂರದವರದು, ಹಿರೇರದು, ಎರಡೂ ಸಿಗತಾವೇನ್ರಿ?” ಎಂದೆ.

“ಎರಡರಲ್ಲಿ ಒಂದೇ ಸಾರ್,” ಎಂದ ಪಾರ್ಕಿನ ಕಚೇರಿಯವನು. “ಆದ್ರೆ ಸ್ವಂತ ಟೆಂಟ್ ತಂದ್ರೆ ಜಾಗದ ಬಾಡಿಗೆ ಅರ್ಧ ಮಾತ್ರ. ಎಲ್ಲಿಂದ ಬರ್ತೀರಾ?”

“ರೋಣ.”

“ಅದೆಲ್ಲಿ ಬರುತ್ತೆ ಸಾರ್?”

“ಗದಗ ಜಿಲ್ಲಾ.”

“ಓ, ಹಂಗಾದ್ರೆ ದೂರಾನೇ ಬಿಡಿ!” ಭಾನುವಾರ ಸಂಜೆಯೊಳಗೆ ಹಣ ಕಟ್ಟಿದರೆ ಮಾತ್ರ ಈ ದರ ಎಂದೂ ಹೇಳಿದ.

ನರಗುಂದದಲ್ಲಿ ಗುಡ್ಡ ಹತ್ತುವ ಹುಚ್ಚಿನ ಗೆಳೆಯನೊಬ್ಬನಿದ್ದಾನೆ. ಅವನ ಹತ್ತಿರ ಟೆಂಟು ಇಸಿದುಕೊಂಡೆ. “ಹರದು ತಂದ್ಯೋ, ಹೊಸಾದು ಕೊಡಸಬೇಕಾಗತೈತಿ ಮಗನ,” ಎಂದು ಹೇಳಿಯೇ ಕೊಟ್ಟ. ಹಾಕುವುದನ್ನು ಕಲಿಯದೆ ಅಲ್ಲಿ ಹೋಗಿ ನಗೆಪಾಟಲಾಗುವುದು ಬೇಡವೆಂದು, ಭಾನುವಾರ ಮಧ್ಯಾಹ್ನ ರೋಣದ ನಮ್ಮ ಮನೆಯ ಮಾಳಿಗೆಯ ಮೇಲೆ ಅದನ್ನು ನಿಲ್ಲಿಸಿದೆ. ಗೂಟ ಹೊಡೆಯಲು ಬರುವಂತಿರಲಿಲ್ಲ, ನಾಲ್ಕೂ ಮೂಲೆಗೆ ಇಟ್ಟಿಗೆ ಹೇರಿದೆ. ನಮ್ಮ ಜೊತೆ ಬರಬೇಕಿದ್ದ ಅಕ್ಕ ಅಂದು ಗಜೇಂದ್ರಗಡದಿಂದ ಬಂದಿದ್ದಳು. ದಾರಿಯ ಬುತ್ತಿಗೆ ಹೇಗಿರುತ್ತವೆ ನೋಡೋಣವೆಂದು ಬಹುದಿನ ಕೆಡದ ಕಟಕ ರೊಟ್ಟಿ ಮಾಡಿ, ಬಿಳಿ ಅರಿವೆಯಲ್ಲಿ ಗಂಟು ಕಟ್ಟಿ ತಂದಿದ್ದಳು. ಅವ್ವ, ಅಕ್ಕ ಇಬ್ಬರನ್ನೂ ಮೇಲೆ ಕರೆದೆ. ಅವ್ವ ಗಂಟನ್ನು ಕೈಯಲ್ಲೇ ಹಿಡಿದು, ಮೊಣಕಾಲಿನ ಮೇಲೆ ಕೈಯೂರುತ್ತ ಮೆಟ್ಟಿಲು ಹತ್ತಿ ಬಂದಳು. ಟೆಂಟನ್ನು ಸುತ್ತಿ ನೋಡಿದಳು. ಬಗ್ಗಿ ಒಳಗೆ ಹೋದಳು. ನನಗೆ ಹಿಗ್ಗಾಯಿತು.

“ಇದರಾಗ ಮಲಗಬೇಕೇನೋ ತಮ್ಮಾ?” ಅಕ್ಕ ಕೇಳಿದಳು.

“ಹೂಂ. ಸಣ್ಣಾವಿದ್ದಾಗ ಅಪ್ಪ ಪಾರ್ಕಿಗೆ ಕರಕೊಂಡ ಹೋಗಿದ್ನಲ್ಲ, ಹಂಗ.”

“ಯಾವ ಪಾರ್ಕಿಗೆ?”

“ದೊಡ್ಡ ಚಕ್ರ ತಿರಗತಿತ್ತಲ್ಲ ಅಕ್ಕಾ.”

ಅಕ್ಕ ನಕ್ಕುಬಿಟ್ಟಳು. “ಇಷ್ಟ ಓದಿ ಏನ್ ಕಡದ್ಯೋ ಶ್ಯಾಣ್ಯಾ! ಅದು ಟ್ರ್ಯಾಕ್ಟರ್ ಗಾಲಿ. ಮೆಣಸಗ್ಯಾಗ ಹೊಳಿ ಹೊಕ್ಕಾಗ ನಿನ್ನ ಟ್ರೇಲರಿನ್ಯಾಗ ಕುಂದರಿಸಿದ್ರು. ನೀರಾಗ ಗಾಲಿ ತಿರುಗೂದು ನೋಡಿ ಚಪ್ಪಾಳಿ ಹೊಡಿಯಾಕ ಹತ್ತಿದ್ದಿ. ಸರಕಾರದವರು ದಿಬ್ಬದ ಮ್ಯಾಲ ಟೆಂಟ್ ಹಾಕಿ ಕೊಟ್ಟಿದ್ರು. ಪಾರ್ಕಂತ ಪಾರ್ಕು!”

ನಾವು ಮೆಣಸಗಿಯವರು. ಮಲಪ್ರಭೆ ಮನೆಯ ಗೋಡೆಗಳನ್ನು ಕೆಡವಿದ ಮೇಲೆ ರೋಣಕ್ಕೆ ಬಂದು ನೆಲೆಸಿದವರು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ನನ್ನ ತಲೆಯಲ್ಲಿ ಆ ನೆರೆ ಬೇರೆ ಕಡೆ ಇತ್ತು, ಈ ಟೆಂಟು ಬೇರೆ ಕಡೆ. ಎರಡೂ ಒಂದೇ ರಾತ್ರಿಯವು ಎಂದು ಎಂದೂ ಹೊಳೆದಿರಲಿಲ್ಲ.

“ಮತ್ತ ಅಪ್ಪ? ನಗತಿದ್ನಲ್ಲ?”

ಅಕ್ಕ ದನಿ ತಗ್ಗಿಸಿದಳು. “ಅಪ್ಪ ಆ ರಾತ್ರಿ ಅಲ್ಲಿ ಇರಲೇ ಇಲ್ಲೋ. ಎಮ್ಮಿ ಹುಡುಕಾಕ ಹೊಳ್ಳಿ ಊರಾಗ ಹೋಗಿದ್ದ. ಬರತಾನೋ ಇಲ್ಲೋ ಅಂತ ಅವ್ವ…”

ಅಷ್ಟರಲ್ಲಿ ಅವಳ ಕಣ್ಣು ಟೆಂಟಿನ ಕಡೆ ಹೋಗಿ ಮಾತು ನಿಂತಿತು. ನಾನೂ ನೋಡಿದೆ. ಒಳಗೆ ಅವ್ವ ಮೊಣಕಾಲೂರಿ ಎದ್ದು, ರೊಟ್ಟಿಯ ಗಂಟನ್ನು ಟೆಂಟಿನ ನೆತ್ತಿಯಲ್ಲಿದ್ದ ಕುಣಿಕೆಗೆ ಕಟ್ಟುತ್ತಿದ್ದಳು. ಗಂಟನ್ನು ಬಿಗಿದು, ನೆಲದಿಂದ ಎಷ್ಟು ಎತ್ತರವಿದೆಯೆಂದು ಅಂಗೈ ಒಡ್ಡಿ ನೋಡಿದಳು.

“ಅವ್ವಾ,” ಅಕ್ಕ ಮೆಲ್ಲಗೆ ಕರೆದಳು. “ಇಲ್ಲಿ ನೀರು ಬರೂದಿಲ್ಲ.”

ಅವ್ವ ತನ್ನ ಕೈಗಳನ್ನೇ ನೋಡಿಕೊಂಡಳು. “ಗೊತ್ತೈತಿ,” ಎಂದಳು. “ಕೈ ತಾನಽ ಹೋತು.”

ಬಿಳಿಯ ಗಂಟು ತೂಗುತ್ತಿತ್ತು. ನಾನು ನೆನಪಿನಲ್ಲಿಟ್ಟುಕೊಂಡಿದ್ದ ಗುಂಡಗಿನದು ಇದೇ ಎನಿಸಿತು. ಈ ಗಂಟನ್ನು ನೋಡಿದ ಮೇಲೆ ನನ್ನ ಮನಸ್ಸೇ ಅದನ್ನು ಹಿಂದಕ್ಕೆ ಒಯ್ದು ಅಲ್ಲಿ ಕಟ್ಟಿತೋ ಏನೋ ಎಂಬ ಅನುಮಾನವೂ ಬೆನ್ನಲ್ಲೇ ಬಂತು. ಅವ್ವನಿಗೆ ನಾನು ಕೊಡಲು ಹೊರಟ ಸುಖ ಇದು. ಅದೂ ರಿಯಾಯಿತಿಯಲ್ಲಿ.

ಒಳಗೆ ಹೋಗಿ ಅವಳ ಎದುರು ಕುಳಿತು ಕೇಳಿದೆ. “ಅಪ್ಪ ಅವತ್ತ ಇದ್ದಿಲ್ಲೇನಬೇ?”

“ರಾತ್ರಿ ಇದ್ದಿಲ್ಲ.” ಅವ್ವ ಗಂಟಿನ ಕಡೆ ನೋಡುತ್ತಲೇ ಹೇಳಿದಳು. “ಮೂಡಲ ಹರಿಯೂ ಹೊತ್ತಿಗೆ ಬಂದ. ಮೈಯೆಲ್ಲಾ ರಾಡಿ. ಬಾಗಲಾಗ ಬಗ್ಗಿ ನಿಂತು ನಕ್ಕ. ‘ನಿನ್ನ ಎಮ್ಮಿ ಸಾಲಿ ಕಟ್ಟಿ ಮ್ಯಾಲ ನಿಂತೈತಿ, ಮಾಸ್ತರ ಆಗೇತಿ’ ಅಂದ. ನೀ ಕಣ್ಣ ಬಿಟ್ಟು ನೋಡಿ ಮತ್ತ ಮಕ್ಕೊಂಡಿ.”

ಅಕ್ಕ ಹೊರಗೆ ನಿಂತಿದ್ದಳು. ಆ ರಾತ್ರಿಯೆಲ್ಲ ಅವಳು ಎಚ್ಚರವಿದ್ದಿರಬೇಕು. ಖರೇನಾ ಎಂದು ಅವಳನ್ನು ಕೇಳಬಹುದಿತ್ತು. ಎಮ್ಮೆ ಸಿಕ್ಕಿತ್ತೇ, ಅಪ್ಪ ನಗುವ ಸ್ಥಿತಿಯಲ್ಲಿದ್ದನೇ, ಅಥವಾ ನನ್ನ ಮುಖ ನೋಡಿ ಅವ್ವ ಆ ನಗುವನ್ನು ಈಗ ತಾನೇ ಮಾಡಿಕೊಟ್ಟಳೇ. ಬೇರೆ ಯಾರ ವಿಷಯದಲ್ಲಾದರೂ ಕೇಳಿಯೇ ತೀರುತ್ತಿದ್ದೆ.

“ಪಾರ್ಕ್ ನೋಡೂಣಂತ,” ಎಂದಳು ಅವ್ವ. “ಮಲಗಾಕ ಮಾತ್ರ ಗ್ವಾಡಿ ಇರೂ ಖೋಲಿ ತಗೋ.”

ಬಿಸಿಲು ಇಳಿಯುವ ಮುಂಚೆ ಪಾರ್ಕಿಗೆ ಫೋನು ಮಾಡಿದೆ. “ರೂಮಿಗೆ ಯಾವ ಆಫರೂ ಇಲ್ವಲ್ಲ ಸಾರ್, ದೂರದವರಿಗೂ ಇಲ್ಲ,” ಎಂದು ಅವನು ನೊಂದುಕೊಂಡ. “ಇರಲಿ ಬಿಡ್ರಿ,” ಎಂದೆ.

ಅವ್ವ ಗಂಟು ಬಿಚ್ಚಿದಳು. ಅಲ್ಲೇ ಕುಳಿತು ಶೇಂಗಾ ಚಟ್ನಿಯ ಜೊತೆ ರೊಟ್ಟಿ ತಿಂದೆವು. ಆಮೇಲೆ ಇಟ್ಟಿಗೆ ಸರಿಸಿ, ನಾನೂ ಅಕ್ಕನೂ ಆಚೆಈಚೆ ನಿಂತು ಟೆಂಟು ಮಡಿಸತೊಡಗಿದೆವು. ಅವಳು ಒಮ್ಮೆ ನನ್ನನ್ನು ನೋಡಿದಳು. ನಾನು ಈಗ ಕೇಳುತ್ತೇನೆ ಅಂದುಕೊಂಡಿರಬೇಕು. ನಾನು ಕೇಳಲಿಲ್ಲ.

“ತುದಿ ನೆಟ್ಟಗ ಹಿಡಿಯೋ,” ಎಂದಳು.