ಮಾವ ಪಾಲಿಶ್ ಮಾಡಿದ ಸಾಲ್ಡ್ರಿಂಗ್ ಬಿಟ್

ನಮ್ಮ ಕಡೆಯ ಹಳ್ಳಿ ಡೇರಿಗಳಿಗೆ ಹಾಲು ತೂಗುವ ಎಲೆಕ್ಟ್ರಾನಿಕ್ ಮೆಷಿನ್ ಬಂದ ಹೊಸತು. ಡಿಪ್ಲೊಮಾ ಮುಗಿಸಿ ಚನ್ನಪಟ್ಟಣಕ್ಕೆ ಸೊಸೆಯಾಗಿ ಬಂದ ನಾನು ಮನೆಯ ಮುಂದಿನ ಕೋಣೆಯಲ್ಲೇ ಟಿ.ವಿ., ಮಿಕ್ಸಿ ರಿಪೇರಿ ಅಂಗಡಿ ತೆರೆದಿದ್ದೆ. ಹಿಂದಿನ ಕೋಣೆಯಲ್ಲಿ ನಮ್ಮ ಮಾವ ಲೇತಿನ ಮೇಲೆ ಮರದ ಗೊಂಬೆ ಕಡೆದು ಅರಗಿನ ಬಣ್ಣ ಹಚ್ಚುತ್ತಿದ್ದರು. ಅಂಗಡಿ ಬೇಡ ಎಂದು ನೆಂಟರೆಲ್ಲ ಗೊಣಗಿದಾಗ ಮಾವ ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ಮಾತೇ ಕಡಿಮೆ ಅವರದು.

ಆ ದಿನಗಳಲ್ಲಿ ನನ್ನ ತಲೆ ತಿಂದದ್ದು ಗಿರಾಕಿಗಳಲ್ಲ, ಸಾಲ್ಡ್ರಿಂಗ್ ಐರನ್ನಿನ ಬಿಟ್. ವೈರಿಗೆ ಲೆಡ್ ಕರಗಿಸಿ ಬೆಸುಗೆ ಹಾಕುವ ಕಡ್ಡಿಯ ತುದಿ ಅದು. ಒಳಗೆ ತಾಮ್ರ, ಮೇಲೆ ಕಬ್ಬಿಣದ ತೆಳು ಲೇಪ. ಆ ಲೇಪ ಹೋದರೆ ತಾಮ್ರವನ್ನು ಲೆಡ್ಡೇ ತಿಂದು ಗುಂಡಿ ಮಾಡುತ್ತದೆ. ಅದಕ್ಕೇ ಒದ್ದೆ ಸ್ಪಂಜಿನಲ್ಲಿ ಒರೆಸಿ, ಸ್ವಿಚ್ ಆರಿಸುವ ಮುಂಚೆ ತುದಿಗೆ ಒಂದಿಷ್ಟು ಲೆಡ್ ಮೆತ್ತಿಡಬೇಕು. ನೋಡಲು ಕೊಳಕಾಗಿ ಕಂಡರೂ ಬಿಟ್ಟಿನ ಆಯಸ್ಸು ಆ ಲೆಡ್ಡಿನಲ್ಲೇ ಇದೆ. ನಾನು ಇದನ್ನೆಲ್ಲ ಒಂದು ದಿನವೂ ತಪ್ಪಿಸಿದವಳಲ್ಲ. ಆದರೂ ಹೊಸ ಬಿಟ್ ಹಾಕಿದರೆ ತಿಂಗಳು ತುಂಬುತ್ತಿರಲಿಲ್ಲ! "ಡೂಪ್ಲಿಕೇಟ್ ಕೊಡ್ತೀರಿ" ಎಂದು ಬೆಂಗಳೂರಿನ ಅಂಗಡಿಯವನ ಜೊತೆ ಜಗಳವನ್ನೂ ಆಡಿ ಬಂದೆ. ಅವನು "ಮೇಡಂ, ನೀವೇನು ಇದನ್ನ ಒಲೆಗೆ ಹಾಕ್ತೀರಾ?" ಅಂದ. ನನಗೆ ಮೈಯೆಲ್ಲ ಉರಿದುಹೋಯಿತು.

ಅಷ್ಟರಲ್ಲಿ ಕೂಟಗಲ್ ಕಡೆಯ ಒಂದು ಹಳ್ಳಿಯ ಡೇರಿಯಿಂದ ಕರೆ ಬಂತು. ತೂಕದ ಮೆಷಿನ್ ಕೆಟ್ಟಿದೆ, ನಾಳೆ ಸಂಜೆ ಹಾಲಿನ ಹೊತ್ತಿಗೆ ಆಗಬೇಕು. ಅಂಗಡಿ ಬಿಟ್ಟು ಹೊರಗೆ ಹೋಗಿ ಮಾಡುವ ಮೊದಲ ಕೆಲಸ. ಇದೊಂದು ಸರಿಯಾದರೆ ಸುತ್ತಲಿನ ಡೇರಿಗಳೆಲ್ಲ ನನ್ನನ್ನೇ ಕರೆಯುತ್ತಾರೆ. ಕೆಟ್ಟರೆ "ಹೆಂಗಸಿನ ಕೈಲಿ ಇದೆಲ್ಲ ಆಗುತ್ತಾ" ಎಂಬ ಮಾತು ಊರೂರಿಗೂ ಹಬ್ಬುತ್ತದೆ. ಹಿಂದಿನ ದಿನವೇ ಬಿಟ್ಟಿಗೆ ಲೆಡ್ ಮೆತ್ತಿ ಡಬ್ಬಿಯಲ್ಲಿಟ್ಟಿದ್ದೆ. ಆ ಡಬ್ಬಿಯನ್ನು ತೆರೆದೂ ನೋಡದೆ ಬ್ಯಾಗಿಗೆ ಹಾಕಿಕೊಂಡು ಮೊಪೆಡ್ ಹತ್ತಿದೆ.

ಮೆಷಿನ್ ಬಿಚ್ಚಿದರೆ ಏನೂ ಇಲ್ಲ, ಬೋರ್ಡಿನಿಂದ ಎರಡು ವೈರು ಕಿತ್ತು ಬಂದಿದೆ. ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುವ ಕೆಲಸ! ನಗುತ್ತಲೇ ಡಬ್ಬಿ ತೆಗೆದೆ. ಬಿಟ್ ಬೆಳ್ಳಿಯ ಹಾಗೆ ಫಳಫಳ ಹೊಳೆಯುತ್ತಿದೆ. ನಾನು ಮೆತ್ತಿದ್ದ ಲೆಡ್ ಎಲ್ಲಿ ಹೋಯಿತು? ಸಿಕ್ಕಿಸಿ ಕರೆಂಟು ಕೊಟ್ಟೆ. ಬುಸ್ಸೆಂದು ಹೊಗೆ ಎದ್ದಿತು. ಆ ವಾಸನೆ ನನಗೆ ಗೊತ್ತು. ದಿನಾ ನಮ್ಮ ನಡುಮನೆಯಲ್ಲಿ ತುಂಬಿರುತ್ತಿದ್ದ ಅರಗಿನ ವಾಸನೆ!

ಅರಗು ಸುಟ್ಟು ಇದ್ದಿಲಾಗಿ ತುದಿಗೆ ಅಂಟಿಕೊಂಡಿತು. ಲೆಡ್ ಇಟ್ಟರೆ ಕೆಸುವಿನೆಲೆಯ ಮೇಲಿನ ನೀರಿನಂತೆ ಜಾರಿ ಬೀಳುತ್ತದೆ. ಬ್ಲೇಡಿನಿಂದ ಕೆರೆದೆ, ಲೆಡ್ ಹಿಡಿಯಲೆಂದು ಹಚ್ಚುವ ಪೇಸ್ಟಿಗೆ ಅದ್ದಿದೆ, ಏನು ಮಾಡಿದರೂ ಹಿಡಿಯಲೊಲ್ಲದು. ಹೊರಗೆ ಕ್ಯಾನು ಹಿಡಿದ ಜನ ಸಾಲುಗಟ್ಟಿದರು. ಡೇರಿಯ ಸೆಕ್ರೆಟರಿ ಶಿವಲಿಂಗಣ್ಣ ಬಾಗಿಲಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತ.

"ಏನವ್ವಾ, ಕೆಟ್ಟಿರೋದು ಮೆಷಿನ್ನೋ, ನಿನ್ ಕಡ್ಡಿಯೋ? ವ್ಯಾನ್ ಬರೋ ಹೊತ್ತಾಯ್ತು. ರಾಮನಗರದೋನ್ನೇ ಕರ್ಸಿದ್ರೆ ಆಗಿರೋದು."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಗ ಸಾಲಿನಲ್ಲಿದ್ದ ಕೆಂಪಮ್ಮ ಎಂಬ ಅಜ್ಜಿ, "ಒಸಿ ಸುಮ್ಕಿರಪ್ಪ. ಅವ್ಳು ಕೆಲ್ಸ ನೋಡಾಳೋ, ನಿನ್ ಬಾಯಿ ನೋಡಾಳೋ? ಏನ್ ಬೇಕವ್ವ ನಿಂಗೆ?" ಅಂದಳು.

ಏನು ಬೇಕು? ಆ ಕ್ಷಣಕ್ಕೆ ಹೊಳೆಯಿತು. "ದಪ್ಪ ತಾಮ್ರದ ವೈರು ಇದೆಯಾ ಅಜ್ಜಿ?"

"ಪಂಪ್‌ಸೆಟ್ಟಿಗೆ ತಂದಿದ್ದು ಒಂದ್ ತುಂಡು ಮನೇಲೈತೆ, ತತ್ತೀನಿ ತಡಿ" ಎಂದು ಹೋದವಳು ತಂದೇಬಿಟ್ಟಳು. ಅದರ ಮೇಲಿನ ಪ್ಲಾಸ್ಟಿಕ್ ಸುಲಿದು, ತಾಮ್ರವನ್ನು ಎರಡು ಮಡಿಕೆ ಮಾಡಿ, ಬಿಟ್ ಇರುವ ಜಾಗಕ್ಕೆ ತುರುಕಿ ಸ್ಕ್ರೂ ಬಿಗಿದೆ. ಬರೀ ತಾಮ್ರ ಬಹಳ ದಿನ ಬಾಳುವುದಿಲ್ಲ, ಆದರೆ ಎರಡು ಬೆಸುಗೆಗೆ ಸಾಕು. ಪೇಸ್ಟ್ ಮುಟ್ಟಿಸಿ ಲೆಡ್ ಇಟ್ಟೆ, ಹಿಡಿಯಿತು! ಮೆಷಿನ್ನಿನ ಕೆಂಪು ಅಂಕಿಗಳು ಹೊತ್ತಿಕೊಂಡವು. ಮೊದಲ ಕ್ಯಾನು ಕೆಂಪಮ್ಮನದೇ ಇಡಿಸಿದೆ. ಶಿವಲಿಂಗಣ್ಣ ಕಾಫಿ ತರಿಸಿದ. ಬಿಟ್ಟಿಗೆ ಅರಗು ಬಳಿದವರ ಮೇಲಿನ ಸಿಟ್ಟಿನಲ್ಲಿ ಕಾಫಿ ನಾಲಿಗೆಗೆ ಹತ್ತಲಿಲ್ಲ.

ದಾರಿಯುದ್ದಕ್ಕೂ ಬೈಗುಳವನ್ನು ಬಾಯಿಪಾಠ ಮಾಡಿಕೊಂಡೇ ಮನೆಗೆ ಬಂದೆ. ಮಾವ ಲೇತಿನ ಮುಂದೆ ಕೂತಿದ್ದರು. ಸುಟ್ಟ ಬಿಟ್ಟನ್ನು ಅವರ ಮುಂದಿಟ್ಟೆ. "ಮಾವ, ಇದನ್ನ ಮುಟ್ಟಿದ್ದು ಯಾರು?"

"ನಾನೇ ಕಣವ್ವ" ಅಂದರು, ಖುಷಿಯಿಂದಲೇ. "ದಿನಾ ಸಂಜೆ ಕರ್ರಗೆ ಕೊಳ್ಕು ಮೆತ್ಕಂಡಿರೋದು. ಲೇತಿಗೆ ಸಿಗ್ಸಿ ಸ್ಯಾಂಡ್ ಪೇಪರ್ ಹಿಡಿತಿದ್ದೆ."

"ದಿನಾನಾ!"

"ಊಂ. ನೆನ್ನೆ ಮೇಲೊಂದ್ ಕೈ ಅರಗೂ ಕೊಟ್ಟೆ. ಡೇರಿಗೋಯ್ತಿದ್ದೀಯ, ಹತ್ ಜನದ್ ಮುಂದೆ ನಮ್ ಸೊಸೆ ಕರೀ ಕಡ್ಡಿ ತೆಗುದ್ರೆ ಏನಂದಾರು? ಸಾಮಾನು ನೋಡಿದ್ರೇನೇ ಕೆಲಸ್ಗಾರ್ತಿ ಅನ್ಬೇಕು."

ಬಾಯಿಗೆ ಬಂದ ಬೈಗುಳ ಬಾಯಲ್ಲೇ ಉಳಿಯಿತು. ಅಂಗಡಿಯ ಬಗ್ಗೆ ಎಂದೂ ತುಟಿ ಬಿಚ್ಚದ ಮನುಷ್ಯ ಪ್ರತಿ ಸಂಜೆ ನನ್ನ ಬಿಟ್ ಉಜ್ಜುತ್ತಾ ಕೂತಿದ್ದರು. ಬೆಳಗ್ಗೆ ಸ್ವಿಚ್ ಹಾಕಿ ಅಂಗಡಿ ಗುಡಿಸಲು ಹೋಗುತ್ತಿದ್ದ ನನ್ನ ಕಣ್ಣಿಗೆ ಅದು ಬೀಳುತ್ತಿದ್ದದ್ದು ಕಾದು ಮತ್ತೆ ಕಪ್ಪಾದ ಮೇಲೆಯೇ. ಅಳು ಬಂತು. ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಅಲ್ಲೇ ಕೂತು ಕಬ್ಬಿಣದ ಲೇಪ, ತಾಮ್ರ, ಲೆಡ್ ಎಲ್ಲ ಬಿಡಿಸಿ ಹೇಳಿದೆ. ಅವರು ಬಿಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಅಂದ್ರೆ ಬರೀ ಮರಕ್ಕೆ ಅರಗು ಹಚ್ದಂಗೆ, ಇದ್ಕೆ ಆ ಲೆಡ್ಡು. ಅದ್ನ ನಾನು ದಿನಾ ಕೆರ್ದು ಬಿಸಾಕ್ತಿದ್ದೆ." ಆಮೇಲೆ ಮೆಲ್ಲಗೆ, "ಡೇರಿಲಿ ಮಾನ ಹೋಯ್ತೇನವ್ವ?" ಅಂದರು.

"ಇಲ್ಲ ಮಾವ, ಉಳೀತು" ಅಂದೆ.

ಅಂದಿನಿಂದ ಅವರು ನನ್ನ ಬಿಟ್ ಮುಟ್ಟಿಲ್ಲ. ಈಗ ಕೈ ನಡುಗುತ್ತದೆಂದು ಲೇತನ್ನೂ ಬಿಟ್ಟಿದ್ದಾರೆ. ಆದರೆ ನಾನು ಅಂಗಡಿ ಮುಚ್ಚುವ ಹೊತ್ತಿಗೆ ಸರಿಯಾಗಿ ಒಳಗಿನಿಂದ ಕೂಗು ಬರುತ್ತದೆ, ಗಿರಾಕಿಗಳು ಎದುರಿಗಿದ್ದರೂ ಸರಿ: "ಅವ್ವಾ, ಲೆಡ್ ಮೆತ್ತುದ್ಯಾ?" ಒಂದು ದಿನ ತಪ್ಪುವುದಿಲ್ಲ. ಈ ಕಸುಬಿನಲ್ಲಿ ತಲೆ ನರೆತಿರುವ ನನಗೆ! "ಮೆತ್ತಿದೆ ಮಾವಾ!" ಎಂದು ಸಿಡುಕುತ್ತೇನೆ. ಕೆಲವು ಸಲ ಮೆತ್ತಿ ಆಗಿದ್ದರೂ ಸ್ವಿಚ್ ಆರಿಸದೆ ಆ ಕೂಗಿಗೆ ಕಾಯುತ್ತಾ ಕೂತಿರುತ್ತೇನೆ.