ಕಾಕಾನ ಚಾಕೋಬಾರು, ಕಾಕುವಿನ ಹಲ್ಲು

ನಮ್ಮ ಬಸಲಿಂಗ ಕಾಕಾ ಚಾಕೋಬಾರನ್ನು ಬಾಯಿಗಿಂತ ಮೊದಲು ಕಿವಿಗೆ ಹಿಡಿಯುತ್ತಿದ್ದರು. ಫ್ರೀಜರಿನಿಂದ ಒಂದನ್ನು ತೆಗೆದು, ಕಣ್ಣು ಮುಚ್ಚಿ, ಉಗುರಿನಿಂದ ಅದರ ಬೆನ್ನಿಗೆ ಬಡಿಯುವರು. ‘ಟಕ್’ ಎಂದರೆ ಸರಿಯಾಗಿ ಗಟ್ಟಿಯಾಗಿದೆ ಎಂದು ಮುಖ ಅರಳುವುದು. ‘ಟಪ್’ ಎಂದರೆ ಆ ದಿನ ಅವರ ತಂಟೆಗೆ ಹೋಗದಿರುವುದೇ ಒಳ್ಳೆಯದು. ಮಿರಜಿನಲ್ಲಿ ಅವರ ಅಂಗಡಿ ಸಿತಾರ್ ಮಾಡುವವರ ಓಣಿಯ ಬಾಯಲ್ಲಿತ್ತು. ಅಲ್ಲಿಯವರು ಸಿತಾರಿನ ಬುಡಕ್ಕೆಂದು ಒಣಗಿಸಿದ ಸೋರೆಬುರುಡೆ ಬಡಿದು ನಾದ ನೋಡುವುದನ್ನು ಕಂಡು ಕಂಡು ಕಾಕಾಗೂ ಈ ಚಾಳಿ ಅಂಟಿತ್ತು.

ನಮ್ಮದು ಸಾಂಗಲಿಯಲ್ಲಿ ಅರಿಸಿನದ ವ್ಯಾಪಾರದ ಮನೆತನ. ಅಜ್ಜ, ಅಪ್ಪ ಎಲ್ಲರೂ ಗಾದಿಯ ಮೇಲೆ ಕೂತು ಹಳದಿಯಾದವರೇ. ಅಪ್ಪನ ತಮ್ಮನಾದ ಬಸಲಿಂಗ ಕಾಕಾ ಮಾತ್ರ, “ಧೂಳಾಗ ಸೀನ್ಕೋತ ಜನ್ಮಾ ಕಳ್ಯಾಂವಲ್ಲ ನಾ. ತಂಪಿನ ಧಂಧೆ ಮಾಡತೇನಿ” ಎಂದು ಹೇಳಿ ಮಿರಜಿಗೆ ಹೋಗಿ ಐಸ್‌ಕ್ರೀಮ್ ಅಂಗಡಿ ಇಟ್ಟರು.

ಚಾಕೋಬಾರ್ ಕೊಂಡವರಿಗೆ ಅದರ ಇತಿಹಾಸ ಪುಕ್ಕಟೆ. ಮರಾಠಿಯವರಿಗೆ ಮರಾಠಿಯಲ್ಲಿ, ನಮ್ಮಂಥವರಿಗೆ ಕನ್ನಡದಲ್ಲಿ. “ಪರದೇಶದಾಗ ಒಂದ ಅಂಗಡಿಗೆ ಒಂದ ಕೂಸು ಬಂತು. ಚಾಕಲೇಟ ತಗೋಲ್ಯೋ ಐಸ್‌ಕ್ರೀಮ ತಗೋಲ್ಯೋ ಅಂತ ನಿಂತ ಬಿಟ್ಟಿತು. ಅಂಗಡಿಯಾಂವ ತಲಿ ಕೆಟ್ಟು ಒಂದರಾಗ ಒಂದ ಅದ್ದಿ ಕೊಟ್ಟ. ಕಡ್ಡಿ ಆಮ್ಯಾಲ ಬಂತು. ಇನ್ನೊಬ್ಬಾಂವನ ಮಗಳು ಕೈ ರಾಡಿ ಆಗತಾವ ಅಂದಳು, ಅದಕ್ಕ ಚುಚ್ಚಿದ್ರು.” ಇಷ್ಟು ಹೇಳಿ ಕೆಮ್ಮಿ, ದನಿ ತಗ್ಗಿಸಿ, “ಮುಂದಿನ ಇತಿಹಾಸ ಎಲ್ಲಾ ಮಿರಜಿನಾಗ ಆತು” ಎನ್ನುವರು.

ಆ ಮಿರಜಿನ ಇತಿಹಾಸವೆಂದರೆ ಹೆಂಡತಿ ಶಾಂತಾ ಕಾಕುವಿಗೆ ಒಂದು ಇಡೀ ಚಾಕೋಬಾರ್ ತಿನ್ನಿಸುವ ಹೋರಾಟ. ಬೇಡಗ ಎಂಬ ಹಳ್ಳಿಯ ಒಕ್ಕಲು ಮನೆಯಿಂದ ಬಂದ ಕಾಕುವಿಗೆ ಸಿಹಿ ಎಂದರೆ ಬಿಸಿ ಹಾಲಿನಲ್ಲಿ ಮುಳುಗಿದ ಹೋಳಿಗೆ. ಗಂಡ ಕೊಟ್ಟ ಬಾರಿನ ಮೂಲೆಯನ್ನು ಇಲಿಯ ಹಾಗೆ ಕಚ್ಚಿ, “ಹಲ್ಲು ಜುಮ್ ಅಂತಾವರಿ” ಎಂದು ವಾಪಸ್ ಕೊಡುತ್ತಿದ್ದರು. ಊರೆಲ್ಲ ಹೊಗಳಿದರೂ ಕಾಕಾಗೆ ಸಮಾಧಾನವಿಲ್ಲ. ತಪ್ಪು ಹಲ್ಲಿನದಲ್ಲ, ರುಚಿಯದು ಎಂದು ಅವರ ಹಟ.

ಹೀಗಾಗಿ ಬಗೆಬಗೆಯ ಬಾರುಗಳು ಹುಟ್ಟಿದವು. ಒಣದ್ರಾಕ್ಷಿಯದನ್ನು ಮಾಡಿದರೆ ಕಾಕು ದ್ರಾಕ್ಷಿಯನ್ನಷ್ಟೇ ಆರಿಸಿ ತಿಂದರು. ಶೇಂಗಾದ್ದಕ್ಕೆ “ಶೇಂಗಾ ಇನ್ನಷ್ಟ ಹುರೀಬೇಕಾಗಿತ್ತು” ಎಂದರು. ಮ್ಹೈಸಾಳದ ಬೆಲ್ಲ ಹಾಕಿದ್ದು ಎಷ್ಟು ಗಟ್ಟಿಯಾಯಿತೆಂದರೆ, ಕಚ್ಚಿದ ನಮ್ಮ ಅಪ್ಪನ ಕಟ್ಟಿಸಿದ ಹಲ್ಲು ಅದರಲ್ಲೇ ಉಳಿಯಿತು. ಮನೆತನದ ಮಾನಕ್ಕೆಂದು ಅರಿಸಿನದ ಬಾರ್ ಮಾಡಿದಾಗ ಗಿರಾಕಿಯೊಬ್ಬ, “ಕಾಕಾ, ಹೇ ಖೋಕಲ್ಯಾವರ ಆಹೇ ಕಾ?” ಎಂದು ಕೇಳಿದ. ಕೆಮ್ಮಿನ ಔಷಧಿ ಎಂದುಕೊಂಡಿದ್ದನಂತೆ. ಕಾಕಾ ಅವತ್ತೇ ಅದನ್ನು ನಿಲ್ಲಿಸಿದರು.

ಮೇಲಿನ ಚಾಕಲೇಟು ಕಚ್ಚಿದೊಡನೆ ಒಡೆದು ಅಂಗಿಯ ಮೇಲೆ ಬೀಳುತ್ತದೆ ಎಂಬುದು ಅವರ ಇನ್ನೊಂದು ಚಿಂತೆ. ಅದರಲ್ಲಿ ಬೆರೆಸುವ ಕೊಬ್ಬರಿ ಎಣ್ಣೆಯನ್ನು ಕಡಿಮೆ ಮಾಡುತ್ತ, ಪದರವನ್ನು ದಪ್ಪ ಮಾಡುತ್ತ ಹೋದರು. ನಾವು ಅದಕ್ಕೆ ‘ಮಂಗಳೂರು ಹಂಚು’ ಎಂದು ಹೆಸರಿಟ್ಟೆವು.

ನನ್ನ ತಂಗಿಯ ಮದುವೆಗೆ ಈ ಹಂಚು ಬಂತು. ಐಸ್‌ಕ್ರೀಮನ್ನು ಊಟವಾದ ಮೇಲೆ ಕೊಡೋಣ ಎಂದರೆ ಕಾಕಾ ಒಪ್ಪಲಿಲ್ಲ. “ಯಾಕ? ನನ್ನ ಚಾಕೋಬಾರ ಏನ ಹೋಳಿಗಿಕಿಂತ ಕಡಿಮಿ ಜಾತೀದೇನು? ಎಲಿ ಮ್ಯಾಲ ಹೋಳಿಗಿ ಬಾಜೂಕ ಕುಂದರಬೇಕು!” ನಮ್ಮಲ್ಲಿ ಎಲೆಗೆ ಎಲ್ಲವೂ ಬಿದ್ದು, ಮದುವೆ ಮಾಡಿಸುವ ಅಯ್ಯನವರು ಅಪ್ಪಣೆ ಕೊಡುವವರೆಗೆ ಯಾರೂ ಕೈ ಹಚ್ಚುವಂತಿಲ್ಲ. ಹುಟ್ಟಿದಾಗಿನಿಂದ ಇಂಥ ಪಂಕ್ತಿಯಲ್ಲೇ ಕೂತ ಕಾಕಾ ಅದನ್ನು ಹೇಗೆ ಮರೆತರೋ!

ಬಡಿಸಿದ್ದಾಯಿತು. ಅಯ್ಯನವರು ಆಶೀರ್ವಚನಕ್ಕೆ ಎದ್ದರು. ಸಂಸಾರ, ಸಹನೆ, ಅತ್ತೆ-ಸೊಸೆ ಎಲ್ಲವನ್ನೂ ಕನ್ನಡದಲ್ಲಿ ಸಾವಕಾಶ ಹೇಳಿ ಮುಗಿಸಿದರು. ಕಾಕಾ ಉಸಿರು ಬಿಡುವಷ್ಟರಲ್ಲಿ, ಹುಡುಗನ ಕಡೆಯವರಿಗೆ ಕನ್ನಡ ಸರಿಯಾಗಿ ಬರುವುದಿಲ್ಲವೆಂದು ಯಾರೋ ಪಿಸುಗುಟ್ಟಿದರು. ಅಯ್ಯನವರು ಸಂಸಾರದಿಂದ ಮತ್ತೆ ಶುರು ಮಾಡಿದರು, ಮರಾಠಿಯಲ್ಲಿ. ಮೇ ತಿಂಗಳ ಸೆಕೆ. ಗೋಡೆಗೆ ಆತು ನಿಂತ ಕಾಕಾ ಸಾಲುಸಾಲು ಎಲೆಗಳನ್ನು ನೋಡುತ್ತ ಬೆವರುತ್ತಿದ್ದರು. ಅಷ್ಟು ಭಕ್ತಿಯಿಂದ ಅವರು ಯಾವತ್ತೂ ದೇವರನ್ನು ನೆನೆದಿರಲಿಲ್ಲ.

ಕೊನೆಗೆ “ಹರ ಹರ ಮಹಾದೇವ” ಆಯಿತು. ಅಯ್ಯನವರು ಎಲೆಯ ಮುಂದೆ ಕೂತು ಚಾಕೋಬಾರಿನ ಕಡ್ಡಿ ಹಿಡಿದು ಎತ್ತಿದರು. ಬರೀ ಕಡ್ಡಿ ಬಂತು. ದಪ್ಪ ಚಾಕಲೇಟು ಮೆತ್ತಗಾಗಿದ್ದರೂ ಎಲೆಯ ಮೇಲೆ ಡಬ್ಬಿಯ ಹಾಗೆ ಮಲಗಿತ್ತು, ಒಳಗೆಲ್ಲ ಹಾಲು. ಅವರು ಬೆರಳಿನಿಂದ ತೂತು ಮಾಡಿ, ಎಳನೀರಿನಂತೆ ಎತ್ತಿ ಸುರ್ರೆಂದು ಕುಡಿದು, “ಬಸಲಿಂಗಾ, ಬಾಸುಂದಿ ಭಾರಿ ಮಾಡೀಯೋ!” ಎಂದರು. ಪಂಕ್ತಿಯೇ ನಕ್ಕಿತು. ಕಾಕಾನ ಮುಖ ನೋಡಲಾಗಲಿಲ್ಲ.

ಅಷ್ಟರಲ್ಲಿ ಹೆಂಗಸರ ಪಂಕ್ತಿಯಿಂದ ಶಾಂತಾ ಕಾಕುವಿನ ದನಿ ಬಂತು. “ಏನ್ರಿ, ಇನ್ನೊಂದ ಐತೇನು?”

ಅವರ ಎಲೆಯ ಮೇಲೆ ಖಾಲಿ ಕಡ್ಡಿಯೊಂದೇ ಇತ್ತು. ಕಾಕಾ ಓಡಿ ಹೋದರು. “ಪೂರಾ ತಿಂದಿ?”

“ಹಲ್ಲಿಗೆ ಹತ್ತಲೇ ಇಲ್ಲ. ಇಷ್ಟ ಛಲೋ ಇರತೈತಿ ಅಂತ ಮೊದಲ ಹೇಳಬಾರದೇನ್ರಿ?”

ಕಾಕಾಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಜನ್ಮವಿಡೀ ಕರಗದಂತೆ ಕಾಯ್ದ ಮನುಷ್ಯ ಅಂದಿನಿಂದ ಕರಗಲೆಂದು ಕಾಯತೊಡಗಿದರು. ದಿನಾ ಸಂಜೆ ಒಂದು ಚಾಕೋಬಾರನ್ನು ಹಿತ್ತಾಳೆ ಬಟ್ಟಲಿನಲ್ಲಿಟ್ಟು ಗಂಡ ಹೆಂಡತಿ ಕಟ್ಟೆಯ ಮೇಲೆ ಕೂರುವರು. ಕರಗುವವರೆಗೆ ಜಗಳ. ಫ್ಯಾನು ಹಚ್ಚಬೇಕೋ ಬೇಡವೋ, ಬಟ್ಟಲು ಬಿಸಿಲಿಗೆ ಸರಿಸಬೇಕೋ ಬೇಡವೋ. “ಐಸ್‌ಕ್ರೀಮಿಗೆ ಇಂಥಾ ಅಪಮಾನ ಯಾರೂ ಮಾಡಿಲ್ಲ” ಎಂದು ಗೊಣಗುತ್ತಲೇ ಕಾಕಾ ಚಮಚ ತಂದುಕೊಡುತ್ತಿದ್ದರು. ಅವರನ್ನು ನಾನು ಕೊನೆಯ ಸಲ ನೋಡಿದ್ದೂ ಆ ಕಟ್ಟೆಯ ಮೇಲೆಯೇ.

ಹೋದ ಚಳಿಗಾಲದಲ್ಲಿ ಕಾಕಾ ಲಿಂಗೈಕ್ಯರಾದರು. ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ಮಿರಜಿಗೆ ಹೋದೆ. ಕಾಕು ಫ್ರೀಜರಿನಿಂದ ಕಾಕಾ ಮಾಡಿಟ್ಟಿದ್ದ ಚಾಕೋಬಾರೊಂದನ್ನು ತೆಗೆದರು. ನಾನು ಅಭ್ಯಾಸಬಲದಿಂದ ಹಿತ್ತಾಳೆ ಬಟ್ಟಲು ತಂದಿಟ್ಟೆ. ಅವರು ಅದರ ಕಡೆ ನೋಡಲಿಲ್ಲ. ಬಾರನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಬಡಿದರು. ಟಕ್ ಎಂದಿತು. ನಿಂತಲ್ಲೇ ಕಚ್ಚಿದರು. ಕಣ್ಣಲ್ಲಿ ನೀರು ಬಂತು.

“ಕಾಕು, ಹಲ್ಲು ಜುಮ್ ಅಂತಾವಲ್ರಿ, ತುಸು ಕರಗಲಿ ತಡೀರಿ” ಎಂದೆ.

“ಅನ್ನಲಿ ಬಿಡೋ” ಎಂದು ಅವರು ಮತ್ತೊಂದು ತುಂಡು ಕಚ್ಚಿದರು. “ಕರಗೂತನಕಾ ಯಾರ ಜೋಡಿ ಜಗಳಾಡ್ಕೋತ ಕುಂದರಲಿ?”