ನಾನು ಟಿವಿಯಲ್ಲಿ ಅತ್ತದ್ದು ವಿಮಲಾಳ ಮಗುವಿಗೆ

ಆ ಮಗು ನನ್ನದಲ್ಲ. ಗೋಡೆಗೋಡೆಗೂ ಕ್ಯಾಮೆರಾ ಇದ್ದ ಆ ಟಿವಿ ಮನೆಯಲ್ಲಿ, ಸರಿಯಾಗಿ ಪರಿಚಯವೂ ಇಲ್ಲದ ಹತ್ತು ಜನರ ನಡುವೆ ಕುಳಿತು ನಾನು ಅಳುತ್ತ ಹೇಳಿದ ಕಥೆ—ಆರನೇ ತಿಂಗಳಿಗೆ ಹೊಟ್ಟೆಯಲ್ಲೇ ಹೋದ ಮಗುವಿನ ಕಥೆ—ನನ್ನ ಗೆಳತಿ ವಿಮಲಾಳದ್ದು. ನಾನು ಬಸುರಿಯಾದವಳೇ ಅಲ್ಲ.

ಪುತ್ತೂರಿನ ತುಳು ನಾಟಕ ತಂಡವೊಂದರಲ್ಲಿ ಹಾಸ್ಯ ಪಾತ್ರ ಮಾಡುತ್ತಿದ್ದೆ. ಅಲ್ಲಿಂದ ಆ ರಿಯಾಲಿಟಿ ಕಾರ್ಯಕ್ರಮಕ್ಕೆ ಆಯ್ಕೆಯಾದೆ. ಮೂರನೇ ವಾರ, ಮನೆಯಿಂದ ಹೊರಹೋಗಬೇಕಾದವರ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಅದೇ ಸಂಜೆ, ಬದುಕಿನ ದೊಡ್ಡ ನೋವನ್ನು ಹೇಳಿ ಎಂಬ ಆದೇಶ. ಗಂಡ ತೀರಿಹೋದದ್ದನ್ನು ಮೊದಲ ವಾರವೇ ಹೇಳಿ ಮುಗಿಸಿದ್ದೆ. ಏನೂ ತೋಚದೆ ಹಾಗೆ ಮಾಡಿದೆ ಎಂದರೆ—ಅದೂ ಸುಳ್ಳು. ತೋಚಿತು. ಅದು ಸುಳ್ಳು ಎನ್ನಲು ಗಂಡನೂ ಬದುಕಿಲ್ಲ ಎಂಬುದು ಸಹ ತೋಚಿತು.

ನೋಡುಗರ ವೋಟುಗಳು ಬಂದವು. ಇನ್ನೂ ಏಳು ವಾರ ಉಳಿದೆ.

ಊರಿಗೆ ಬಂದ ಮೇಲೆ ನಾಲ್ಕು ವರ್ಷ ವಿಮಲಾಳ ಮನೆಗೆ ಹೋಗಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೆ ಸುಮ್ಮನೆ ಫೋನ್ ಕಿವಿಗಿಟ್ಟುಕೊಳ್ಳುತ್ತಿದ್ದೆ. ಕಳೆದ ತಿಂಗಳು ಹೊಸ ಸೀಸನ್ ಶುರುವಾಗುವಾಗ, ಮರೆಯಲಾಗದ ಕ್ಷಣಗಳು ಎಂದು ನನ್ನ ಆ ಅಳುವ ಮುಖವನ್ನೇ ಮತ್ತೆ ತೋರಿಸಿದರು. ಮರುದಿನ ಬೆಳಿಗ್ಗೆ, ಪುತ್ತೂರಿನ ಹತ್ತಿರವೇ ಇರುವ ವಿಮಲಾಳ ಊರು ಸವಣೂರಿನ ಬಸ್ಸು ಹತ್ತಿದೆ.

ವಿಮಲಾ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ನಿಂತಲ್ಲೇ ಎಲ್ಲ ಹೇಳಿದೆ.

"ನೋಡಿದ್ದೇನೆ ಮಾರಾಯ್ತಿ," ಎಂದಳು. "ನೀನು ಅಲ್ಲಿ ಹೇಳುವಾಗ ಇಲ್ಲಿ ನನ್ನ ಅತ್ತೆ ಎಷ್ಟು ಅತ್ತದ್ದು ಗೊತ್ತುಂಟಾ? ಊಟವೇ ಮಾಡ್ಲಿಲ್ಲ. ನನ್ನ ಮಗು ಹೋದಾಗ—ಆಸ್ಪತ್ರೆಯಿಂದ ಬಂದ ಮೂರನೇ ದಿನ ನನ್ನನ್ನು ದನದ ಹಟ್ಟಿಯ ಸೆಗಣಿ ತೆಗೀಲಿಕ್ಕೆ ಕಳಿಸಿದವರು."

ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಗ್ಗಕ್ಕೆ ಹಾಕಿ ನನ್ನತ್ತ ತಿರುಗಿದಳು.

"ನಂಗೆ ಹೇಳಿದ್ರೆ ಸಾಕಾಗುದಿಲ್ಲ. ಅತ್ತೆ ಒಳಗೆ ಇದ್ದಾರೆ. ಅವರಿಗೆ ಹೇಳು."

ಹೇಳಿದೆ. ಆ ಹಿರಿಯರು ನನ್ನತ್ತ ನೋಡಲಿಲ್ಲ, ಸೊಸೆಯನ್ನೇ ನೋಡುತ್ತಿದ್ದರು. ಅವಳನ್ನೇ ಕೇಳಿದರು, "ಮಗು ಗಂಡಾ... ಹೆಣ್ಣಾ?"

ಇಷ್ಟು ವರ್ಷ ಅವರು ಕೇಳಿಯೇ ಇರಲಿಲ್ಲ.

"ಹೆಣ್ಣು," ಎಂದಳು ವಿಮಲಾ.

ನಾನು ಟಿವಿಯಲ್ಲಿ ಗಂಡು ಎಂದಿದ್ದೆ.

ಅವರು ಮಂಚದಲ್ಲಿ ಸ್ವಲ್ಪ ಸರಿದು ಸೊಸೆಗೆ ಜಾಗ ಮಾಡಿದರು. ವಿಮಲಾ ಪಕ್ಕದಲ್ಲಿ ಕುಳಿತು ಅಳತೊಡಗಿದಳು. ನಾನು ಎದ್ದು ಬಂದೆ.

ಹಿಂದಿರುಗುವ ದಾರಿಯಲ್ಲಿ ಎದೆ ಎಷ್ಟು ಹಗುರವಾಗಿತ್ತೆಂದರೆ—ನನಗೇ ನಾಚಿಕೆಯಾಯಿತು. ಕ್ಷಮಿಸಿದ್ದೇನೆ ಎಂದು ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಇದನ್ನು ಬರೆಯಲೇ ಎಂದು ಫೋನ್ ಮಾಡಿದಾಗ ಮಾತ್ರ, "ಬರಿ. ನನ್ನ ಹೆಸರು ಹಾಕಿಯೇ ಬರಿ," ಎಂದಳು.

ಈಗಲೂ ಪೇಟೆಯಲ್ಲಿ ಹೆಂಗಸರು ನನ್ನ ಕೈ ಹಿಡಿದು, ಪಾಪ, ಮಗು ಕಳಕೊಂಡವರಲ್ವಾ ಎನ್ನುತ್ತಾರೆ. ಇನ್ನು ಮೇಲೆ, ಅಲ್ಲ, ಆ ಮಗು ನನ್ನದಲ್ಲ ಎನ್ನುತ್ತೇನೆ. ಅವರು ಕೈ ಬಿಟ್ಟರೆ—ಬಿಡಲಿ.